ಒಳ್ಳೆಯ ಸೇನಾ ನಾಯಕ ಸೈನಿಕರನ್ನು ಹೇಗೆ ತಿದ್ದುತ್ತಾನೆ, ಹೇಗೆ ಹುರಿದುಂಬಿಸುತ್ತಾನೆ?

ಭಾಷಣದಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆ ಜಪಾನೀಯರ ವಿರುದ್ಧ 14ನೇ ಸೇನೆಯನ್ನು ನಡೆಸಿದ ಬ್ರಿಟಿಷ್ ಜನರಲ್ ವಿಲಿಯಂ ಸ್ಲಿಮ್ ಅವರನ್ನೇ ನೋಡಿ. 1943ರಲ್ಲಿ ಗಾಯವಾಗಿ ಆಸ್ಪತ್ರೆ ಸೇರುವ ಒಬ್ಬನಿಗೆ 120 ಜನ ಕಾಯಿಲೆ ಬಿದ್ದು ಸೇರುತ್ತಿದ್ದರು, ಮಲೇರಿಯಾ ಕಾಟವಂತೂ ಜಾಸ್ತಿ. ಮಾತ್ರೆ ಇತ್ತು, ಎಲ್ಲರೂ ನುಂಗುತ್ತಿರಲಿಲ್ಲ. ಸ್ಲಿಮ್ ದಿಢೀರ್ ತಪಾಸಣೆ ಮಾಡಿಸಿದರು, ಮಾತ್ರೆ ನುಂಗದವರು ಜಾಸ್ತಿ ಸಿಕ್ಕ ತುಕಡಿಯಲ್ಲಿ ಸೈನಿಕರನ್ನಲ್ಲ, ಅವರ ಕಮಾಂಡರನ್ನೇ ತೆಗೆದುಹಾಕಿದರು. ಮೂವರು ಹೋಗುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ಶಿಸ್ತು ಮೇಲಿನಿಂದಲೇ ಶುರುವಾಗಬೇಕು, ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಮುಂಚೂಣಿಯ ತುಕಡಿಗೆ ಅರ್ಧ ರೇಷನ್ ಆದರೆ ತಮ್ಮ ಮುಖ್ಯ ಕಚೇರಿಗೂ ಅರ್ಧವೇ ಕೊಡಿಸುತ್ತಿದ್ದರು. ತಾನೇ ಹಸಿದು ಕೂತ ಅಧಿಕಾರಿ ಸಾಮಾನು ಕಳಿಸಲು ಸುಮ್ನೆ ತಡ ಮಾಡುತ್ತಾನಾ? ಮಾತೂ ಆಡುತ್ತಿದ್ದರು, ಆದರೆ ಗೂರ್ಖಾ ಸೈನಿಕರ ಜೊತೆ ಅವರ ಭಾಷೆಯಲ್ಲೇ. ತಮ್ಮ ಕಷ್ಟ ಗೊತ್ತಿರುವವನು, ತಮ್ಮವನು ಅನ್ನುವ ನಂಬಿಕೆ ಬಂದ ಮೇಲೆ ಆ ಮಾತಿಗೆ ತೂಕ ಬರುತ್ತದೆ. 1942ರಲ್ಲಿ ಸ್ಲಿಮ್ ಬರ್ಮಾದಿಂದ ಸೋತು ಹಿಂದೆ ಬಂದಿದ್ದರು. 1944ರಲ್ಲಿ ಅವರ ಸೇನೆ ಇಂಫಾಲ, ಕೊಹಿಮಾದಲ್ಲಿ ಜಪಾನೀಯರನ್ನು ಸೋಲಿಸಿತು.