ಜಾಝ್ ಬಿಗ್ ಬ್ಯಾಂಡಿನಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದವರ ಬದುಕು ಹೇಗಿತ್ತು? ಅವರ ಹೆಸರೇ ಯಾರಿಗೂ ಗೊತ್ತಿರುವುದಿಲ್ಲವಲ್ಲ?

ಹಳೆಯ ವಿಡಿಯೊಗಳಲ್ಲಿ ಹದಿನೈದು ಹದಿನಾರು ಜನರ ನಡುವೆ ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಹಿಡಿದು ನಿಂತವರನ್ನು ನೋಡಿದ್ದೇನೆ, ಅವರ ನಾದ ಮಾತ್ರ ಸರಿಯಾಗಿ ಕೇಳಿಸಲೇ ಇಲ್ಲ, ಅದರಲ್ಲೇ ಅವರ ಹೊಟ್ಟೆ ತುಂಬುತ್ತಿತ್ತೇ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಮೃದಂಗ ಕಲಿತವನು. ಕೆಲಸಕ್ಕೆಂದು ಷಿಕಾಗೊಗೆ ಬಂದ ಮೇಲೆ ಬಾಸ್ ಹಿಡಿದೆ. ಎಂಟು ವರ್ಷದಿಂದ ಇಲ್ಲಿನ ಒಂದು ಹವ್ಯಾಸಿ ಬಿಗ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದೇನೆ. ಆದ್ದರಿಂದ ಕೆಲಸ ಏನೆಂಬುದನ್ನು ಅನುಭವದಿಂದ ಹೇಳಬಲ್ಲೆ. ಅದನ್ನೇ ನಂಬಿ ಬದುಕಿದ್ದು ಹೇಗೆ ಎಂಬುದಕ್ಕೆ ಅಮೆರಿಕದ ಬಾಸ್ ವಾದಕ ಮಿಲ್ಟ್ ಹಿಂಟನ್ ಅವರ ಕಥೆ ಹೇಳುತ್ತೇನೆ.

ಮೊದಲು ಕೆಲಸ. ನಮ್ಮ ಕಛೇರಿಯಲ್ಲಿ ತಂಬೂರಿ ಶ್ರುತಿ ಹಿಡಿದಿರುತ್ತದೆ, ಮೃದಂಗ ಲಯ ನೋಡಿಕೊಳ್ಳುತ್ತದೆ. ಬಾಸ್‌ನವನು ಈ ಎರಡೂ ಜವಾಬ್ದಾರಿ ಹೊರಬೇಕು. ಒಂದು ಆವರ್ತಕ್ಕೆ ನಾಲ್ಕು ಏಟು, ಪ್ರತಿ ಏಟಿಗೂ ಒಂದು ಸ್ವರ, ಆ ಸ್ವರ ಮುಂದೆ ಬರುವ ಕಾರ್ಡಿಗೆ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ) ದಾರಿ ಮಾಡಿಕೊಡಬೇಕು. ನಿಮಿಷಕ್ಕೆ 200 ಏಟಿನ ಹಾಡು ಮೂರು ನಿಮಿಷ ನಡೆದರೆ 600 ಸಲ ತಂತಿ ಮೀಟಬೇಕು. ಅವತ್ತಿನವರಿಗೆ ಆಂಪ್ಲಿಫೈಯರ್ ಇರಲಿಲ್ಲ. ಕರುಳಿನ ತಂತಿಯನ್ನು ಹಲಗೆಯಿಂದ ಎತ್ತರಕ್ಕೆ ಬಿಗಿದು, ಬೆರಳಿನ ಪಕ್ಕದಿಂದ ಎಳೆದು ಬಿಡಬೇಕಿತ್ತು, ಇಲ್ಲವಾದರೆ ಏಳೆಂಟು ಹಿತ್ತಾಳೆ ವಾದ್ಯಗಳ ಅಬ್ಬರದಲ್ಲಿ ನಾದ ಮುಳುಗಿಹೋಗುತ್ತಿತ್ತು. ನಾನು ಒಮ್ಮೆ ಕರುಳಿನ ತಂತಿ ಹಾಕಿಸಿ ಒಂದು ಸಂಜೆ ನುಡಿಸಿದೆ. ಎರಡನೇ ಗಂಟೆಗೆ ತೋರುಬೆರಳಲ್ಲಿ ನೀರುಗುಳ್ಳೆ ಎದ್ದಿತು, ಒಡೆಯಿತು, ತಂತಿಯ ಮೇಲೆ ರಕ್ತದ ಗೆರೆ ಬಿತ್ತು. ಮೃದಂಗದಲ್ಲಿ ಜಡ್ಡುಗಟ್ಟಿದ್ದ ಬೆರಳದು! ಆ ಜನ ಹೀಗೆ ವಾರದಲ್ಲಿ ಆರೇಳು ರಾತ್ರಿ ನುಡಿಸುತ್ತಿದ್ದರು.

ಹಿಂಟನ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ. ದಕ್ಷಿಣದ ಹಿಂಸೆ, ಬಡತನ ಬಿಟ್ಟು ಉತ್ತರಕ್ಕೆ ಹೊರಟ ಲಕ್ಷಾಂತರ ಕಪ್ಪು ಕುಟುಂಬಗಳಂತೆ ಅವರ ಮನೆಯವರೂ ಷಿಕಾಗೊಗೆ ಬಂದರು. ಅವರು ಕಲಿತದ್ದು ಪಿಟೀಲು. ಮೂಕಿ ಚಿತ್ರಗಳ ಕಾಲದಲ್ಲಿ ಥಿಯೇಟರುಗಳಲ್ಲಿ ಪಿಟೀಲಿನವರಿಗೆ ಕೈತುಂಬ ಕೆಲಸ. 1920ರ ದಶಕದ ಕೊನೆಗೆ ಟಾಕಿ ಬಂತು, ಆ ಕೆಲಸ ಹೋಯಿತು. ಸಿಂಫನಿ ಆರ್ಕೆಸ್ಟ್ರಾಗಳು ಕಪ್ಪು ಹುಡುಗನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದೇ ಹೊತ್ತಿಗೆ ನೃತ್ಯದ ಬ್ಯಾಂಡುಗಳು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಬಿಟ್ಟು ಡಬಲ್ ಬಾಸ್ ಕಡೆ ತಿರುಗುತ್ತಿದ್ದವು. ಹಿಂಟನ್ ವಾದ್ಯ ಬದಲಿಸಿದರು. ಎಷ್ಟೋ ಬಾಸ್ ವಾದಕರು ಹೀಗೆ ಪಿಟೀಲಿನಿಂದಲೇ ಬಂದವರು.

1936ರಲ್ಲಿ ಗಾಯಕ, ಬ್ಯಾಂಡಿನ ಯಜಮಾನ ಕ್ಯಾಬ್ ಕ್ಯಾಲೊವೇ ತಂಡಕ್ಕೆ ಸೇರಿ ಸುಮಾರು ಹದಿನೈದು ವರ್ಷ ಅಲ್ಲೇ ಇದ್ದರು. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಹೆಸರು ಹೊರಗಿನವರಿಗೆ ಗೊತ್ತಿಲ್ಲದಿದ್ದರೂ ಒಳಗಿನವರಿಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಕಾಲಪ್ರಮಾಣ ಬಿಡದ, ಹೊತ್ತಿಗೆ ಸರಿಯಾಗಿ ಬರುವ ಬಾಸ್‌ನವನನ್ನು ಯಾವ ಯಜಮಾನನೂ ಕಳೆದುಕೊಳ್ಳಲು ಇಷ್ಟಪಡುತ್ತಿರಲಿಲ್ಲ. ಬ್ಯಾಂಡು ಊರಿಂದೂರಿಗೆ ರೈಲಿನಲ್ಲಿ ತಿರುಗುತ್ತಿತ್ತು. ಕ್ಯಾಲೊವೇ ತಮ್ಮವರಿಗೆಂದೇ ಬೇರೆ ಪುಲ್‌ಮನ್ ಬೋಗಿ (ಮಲಗುವ ಬೋಗಿ) ಗೊತ್ತುಮಾಡುತ್ತಿದ್ದರು, ಏಕೆಂದರೆ ದಕ್ಷಿಣದ ಹೋಟೆಲುಗಳಲ್ಲಿ ಇವರಿಗೆ ಕೋಣೆ ಸಿಗುತ್ತಿರಲಿಲ್ಲ. ರಾತ್ರಿ ಇವರ ಸಂಗೀತಕ್ಕೆ ಕುಣಿದ ಊರಿನಲ್ಲೇ ಬೆಳಿಗ್ಗೆ ಇವರಿಗೆ ತಿಂಡಿ ಕೊಡುವವರು ಇರುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಹಿಂಟನ್ ಕೈಯಲ್ಲಿ ಒಂದು ಕ್ಯಾಮೆರಾ ಇತ್ತು. ರೈಲಿನಲ್ಲಿ ನಿದ್ದೆ ಹೋದ ಗೆಳೆಯರು, ಸ್ಟೇಷನ್ನಿನಲ್ಲಿ ಕಪ್ಪು ಜನರಿಗೆ ಬೇರೆ ಎಂದು ಬರೆದ ಬೋರ್ಡಿನ ಕೆಳಗೆ ನಿಂತ ವಾದಕರು, ಹೀಗೆ ಜೀವನವಿಡೀ ಹತ್ತಾರು ಸಾವಿರ ಚಿತ್ರ ತೆಗೆದರು. ಹೊರಗಿನ ಛಾಯಾಗ್ರಾಹಕನಿಗೆ ಆ ಬೋಗಿಯೊಳಗೆ ಜಾಗವೇ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ಬಿನ ಕಥೆ. 1939ರಲ್ಲಿ ಡಿಝಿ ಗಿಲೆಸ್ಪಿ ಎಂಬ ಇಪ್ಪತ್ತೊಂದು ವರ್ಷದ ಟ್ರಂಪೆಟ್ ಹುಡುಗ ತಂಡಕ್ಕೆ ಬಂದ. ಅವನ ತಲೆಯಲ್ಲಿ ಹೊಸ ಕಾರ್ಡುಗಳು ಸುತ್ತುತ್ತಿದ್ದವು. ವಿರಾಮದ ಹೊತ್ತಿನಲ್ಲಿ ಇಬ್ಬರೂ ಸೇರಿ ಬಾಸನ್ನು ಇಕ್ಕಟ್ಟಿನ ಮೆಟ್ಟಿಲಲ್ಲಿ ಹೊತ್ತು ತಾರಸಿಗೆ ಏರಿಸಿ, ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ಹಿಂಟನ್‌ಗೆ ಆಗ ಇಪ್ಪತ್ತೊಂಬತ್ತು, ಕೆಲಸ ಭದ್ರ. ತನಗಿಂತ ಏಳೆಂಟು ವರ್ಷ ಚಿಕ್ಕವನಿಂದ ಕಲಿಯಲು ಅಷ್ಟು ಭಾರದ ವಾದ್ಯ ಹೊತ್ತು ಮೆಟ್ಟಿಲು ಹತ್ತಿದ ಮನುಷ್ಯ! ನಾನು ನನ್ನ ಬಾಸನ್ನು ಎರಡನೇ ಮಹಡಿಗೆ ಏರಿಸುವಾಗಲೆಲ್ಲ ಇದು ನೆನಪಾಗುತ್ತದೆ. ಗೋಡೆಗೆ ತಾಗದಂತೆ ತಿರುವುಗಳಲ್ಲಿ ಅದನ್ನು ಮಗುವಿನಂತೆ ತಬ್ಬಿಕೊಂಡೇ ಹೋಗಬೇಕು.

ಎಲ್ಲರಿಗೂ ಇಷ್ಟು ದೀರ್ಘ ಬಾಳು ಸಿಗಲಿಲ್ಲ. ಹೆಸರಾಂತ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ತಂಡದ ಬಾಸ್ ವಾದಕ ಜಿಮ್ಮಿ ಬ್ಲಾಂಟನ್ 1939ರಲ್ಲಿ ಬಂದರು, ಬಾಸ್ ಒಂಟಿಯಾಗಿ ರಾಗದಂತೆ ಹಾಡಬಲ್ಲದು ಎಂದು ತೋರಿಸಿದರು, ಕ್ಷಯರೋಗದಿಂದ 1942ರಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಇಂದಿಗೂ ಜಾಝ್ ಬಾಸ್ ಕಲಿಯುವ ಎಷ್ಟೋ ಜನ ಅವರನ್ನು ಕೇಳಿ ಕಲಿಯುತ್ತಾರೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಗ್ ಬ್ಯಾಂಡುಗಳನ್ನು ಸಾಕುವುದು ಕಷ್ಟವಾಯಿತು. 1946ರ ಕೊನೆಯಲ್ಲಿ ಬೆನ್ನಿ ಗುಡ್‌ಮನ್, ಟಾಮಿ ಡಾರ್ಸಿಯಂಥ ಹೆಸರಾಂತ ಬ್ಯಾಂಡ್ ನಾಯಕರೇ ತಂಡ ಮುಚ್ಚಿದರು. ಕೆಲವು ವರ್ಷಗಳಲ್ಲಿ ಕ್ಯಾಲೊವೇ ತಂಡವೂ ಕರಗಿತು. ನಲವತ್ತು ದಾಟಿದ ಹಿಂಟನ್ ಮತ್ತೆ ಕೆಲಸ ಹುಡುಕಬೇಕಾಯಿತು. ನ್ಯೂಯಾರ್ಕಿನ ರೆಕಾರ್ಡಿಂಗ್ ಸ್ಟುಡಿಯೊಗಳ ಖಾಯಂ ಕೆಲಸ ಬಹುಪಾಲು ಬಿಳಿಯರ ಕೈಯಲ್ಲಿತ್ತು. ಹಳೆಯ ಪರಿಚಯದ ಹಾಸ್ಯನಟ ಜಾಕಿ ಗ್ಲೀಸನ್ ಬೀದಿಯಲ್ಲಿ ಸಿಕ್ಕಿ, ತಮ್ಮ ರೆಕಾರ್ಡಿಂಗಿಗೆ ಇವರನ್ನು ಕರೆಯಲು ಹೇಳಿದರು. ಒಳಗೆ ಹೋದ ಮೇಲೆ ಕೈಯೇ ಮಾತಾಡಿತು. ಗಾಯಕಿ ಬಿಲ್ಲಿ ಹಾಲಿಡೇ ಅವರ 1958ರ ರೆಕಾರ್ಡಿಂಗಿನಲ್ಲಿ, ಹದಿಹರೆಯದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಮೊದಮೊದಲ ಹಾಡುಗಳಲ್ಲಿ, ಲೆಕ್ಕವಿಲ್ಲದಷ್ಟು ಜಾಹೀರಾತುಗಳಲ್ಲಿ ಕೇಳಿಸುವ ಬಾಸ್ ಅವರದು. ಮುಂದೆ ಕಾಲೇಜುಗಳಲ್ಲಿ ಪಾಠವನ್ನೂ ಹೇಳಿದರು. 2000ದ ಡಿಸೆಂಬರಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಹೊಟ್ಟೆ ತುಂಬುತ್ತಿತ್ತೇ ಎಂದರೆ, ಹೌದು, ಹಿಂಟನ್‌ಗೆ ತುಂಬಿತು. ಒಳ್ಳೆಯ ಬ್ಯಾಂಡು ಸಿಗದ ಸಾವಿರಾರು ಜನ ಹಗಲು ಬೇರೆ ಕೆಲಸ ಮಾಡಿ ರಾತ್ರಿ ನುಡಿಸಿದರು.

ಇನ್ನು ನಾದ ಕೇಳಿಸಲಿಲ್ಲ ಎಂದಿರಲ್ಲ, ಫೋನಿನ ಸ್ಪೀಕರಿನಲ್ಲಿ ಅದು ಸರಿಯಾಗಿ ಬರುವುದಿಲ್ಲ. ಕ್ಯಾಲೊವೇ ತಂಡದ 1939ರ ‘ಪ್ಲಕಿನ್ ದ ಬಾಸ್’ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಿಂಟನ್‌ಗೆಂದೇ ಮಾಡಿದ್ದು ಅದು. ತಂತಿ ಹಲಗೆಗೆ ಬಡಿಯುವ ಟಪ್ಪೆಂಬ ಸದ್ದೂ ಕೇಳಿಸುತ್ತದೆ.