ಟಿಡಿಎಸ್ 420 ಇದ್ದರೆ ನೀರು ಕುಡಿಯಬಹುದಾ?

ಗುಡಿಬಂಡೆ ಕಡೆಯ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಊರಿನ ಫಿಲ್ಟರ್ ನೀರಿನ ಘಟಕ ಕೆಟ್ಟು ನಿಂತಿದೆ. ಈಗ ನಲ್ಲಿ ನೀರೇ ಗತಿ. ವಾಟರ್‌ಮ್ಯಾನ್ ಮನೆಗೆ ಬಂದು, ಲೋಟದ ನೀರಿಗೆ ಟಿಡಿಎಸ್ ಮೀಟರ್ ಅದ್ದಿ, "420 ಇದೆ, 500ರ ಒಳಗಿದ್ದರೆ ಭಯ ಇಲ್ಲ, ಕುಡೀರಿ" ಅಂದರಂತೆ. ಆದರೆ ಎಂಟು ವರ್ಷದ ಮಗಳಿಗೆ ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆಗಳಿವೆ. ಮೂರು ವರ್ಷದ ಮಗನೂ ಇದ್ದಾನೆ. ಕಾಯಿಸಿ ಕುಡಿದರೆ ಸಾಕಾ, ಪಶ್ಚಿಮ ಘಟ್ಟದಿಂದ ತರುವ ಎತ್ತಿನಹೊಳೆ ಯೋಜನೆಯ ನೀರು ಬಂದರೆ ಸರಿಹೋಗುತ್ತಾ ಅಂತ ಕೇಳಿದ್ದಾರೆ.

ಅಮ್ಮ, ನಿಮಗೆ ಅನುಮಾನ ಬಂದದ್ದು ಒಳ್ಳೆಯದಾಯಿತು. ಮೀಟರ್ ಸುಳ್ಳು ಹೇಳಿಲ್ಲ. ಆದರೆ ಅದಕ್ಕೆ ಗೊತ್ತಿಲ್ಲದ ವಿಷಯವನ್ನು ಅದರ ಬಾಯಲ್ಲಿ ಹೇಳಿಸಿದ್ದಾರೆ. ಒಂದು ಲೀಟರ್ ನೀರಿನಲ್ಲಿ ಕರಗಿರುವ ಎಲ್ಲ ಲವಣ ಸೇರಿ ಅಂದಾಜು ಎಷ್ಟು ಮಿಲಿಗ್ರಾಂ ಅನ್ನುವುದಷ್ಟೇ ಟಿಡಿಎಸ್. ಯಾವ ಲವಣ ಎಷ್ಟು ಅನ್ನುವುದು ಅದಕ್ಕೆ ಗೊತ್ತಾಗಲ್ಲ. ಹಲ್ಲಿನ ಮೇಲೆ ಇಂಥ ಬಿಳಿ ಪಟ್ಟೆ ಮೂಡಿಸಬಲ್ಲ ಫ್ಲೋರೈಡ್ ಅಂಥದ್ದೊಂದು. ಆ 420ರಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಇದ್ದರೂ 4 ಇದ್ದರೂ ಮೀಟರ್ ಹೆಚ್ಚುಕಡಿಮೆ ಅದೇ ಅಂಕಿ ತೋರಿಸುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರು ಸಿಗದೇ ಇದ್ದರೆ ಮಾತ್ರ 1.5ರವರೆಗೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಯಿಗೆ ಸಿಹಿ ಅನ್ನಿಸುವ ನೀರಿನಲ್ಲೂ ಇರಬಹುದು.

ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡ, ಈ ಕಡೆಯೆಲ್ಲ ಇದು ಹಳೆಯ ತೊಂದರೆ. ನೆಲದಡಿಯ ಗ್ರಾನೈಟ್ ಬಂಡೆಯಲ್ಲೇ ಫ್ಲೋರೈಡ್ ಇದೆ. ನೀರು ಬಂಡೆಯ ಸಂದಿನಲ್ಲಿ ಜಾಸ್ತಿ ಕಾಲ ನಿಂತಷ್ಟೂ ಅದು ಕರಗಿಕೊಳ್ಳುತ್ತದೆ. ಕೆರೆ ತುಂಬುತ್ತಿದ್ದ ಕಾಲದಲ್ಲಿ ಸೇದುವ ಬಾವಿ ಸಾಕಾಗುತ್ತಿತ್ತು. ಈಗ ಸಾವಿರ ಅಡಿಗೂ ಆಳಕ್ಕೆ ಕೊರೆಯುತ್ತಿದ್ದೇವೆ.

ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ಕ್ರಿಮಿ ಸಾಯುತ್ತದೆ, ಅಷ್ಟೇ. ಜಾಸ್ತಿ ಹೊತ್ತು ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಬೇರೆ ಇದೆ. ಘಟಕ ನಡೆಯುತ್ತಿದ್ದಾಗಲೂ "ಕುಡಿಯೋಕೆ ಮಾತ್ರ ಕ್ಯಾನ್ ನೀರು, ಅಡುಗೆಗೆಲ್ಲ ನಲ್ಲಿ ನೀರು" ಎಂದು ಬರೆದಿದ್ದೀರಿ. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆಯೇ. ಆದರೆ ಮುದ್ದೆಗೆ ಇಟ್ಟ ಎಸರು, ಬೇಳೆ ಬೇಯಿಸಿದ ನೀರು, ಸಾರು, ಕಾಫಿ ಎಲ್ಲವೂ ಹೊಟ್ಟೆಗೇ ಹೋಗುತ್ತದೆ ಅಲ್ವಾ? ಅಡುಗೆಯ ನೀರೂ ಕುಡಿಯುವ ನೀರೇ. ಕ್ಯಾನ್ ನೀರು ಸಿಕ್ಕಾಗ ಮೊದಲು ಮಕ್ಕಳ ಊಟಕ್ಕೆ ತೆಗೆದಿಡಿ. ಪಾತ್ರೆ, ಬಟ್ಟೆ, ಸ್ನಾನಕ್ಕೆ ನಲ್ಲಿ ನೀರು ಸಾಕು.

ಮಗಳ ಹಲ್ಲನ್ನು ದಂತವೈದ್ಯರಿಗೆ ತೋರಿಸಿ. ಬಿಳಿ ಪಟ್ಟೆಗೆ ಬೇರೆ ಕಾರಣಗಳೂ ಇರಬಹುದು. ಫ್ಲೋರೈಡಿನದ್ದೇ ಆದರೆ ಅದು ತಾನಾಗಿ ಹೋಗುವ ಕಲೆಯಲ್ಲ. ನನಗೆ ಈಗ ಹೆಚ್ಚು ಚಿಂತೆ ನಿಮ್ಮ ಮಗನದು. ಅವನ ಶಾಶ್ವತ ಹಲ್ಲುಗಳು ಈಗ ದವಡೆಯೊಳಗೆ ರೂಪುಗೊಳ್ಳುತ್ತಿವೆ. ಈ ಕೆಲವು ವರ್ಷ ಕುಡಿದ ನೀರಿನ ಗುರುತು ಮುಂದೆ ಅವನ ಹಲ್ಲಿನ ಮೇಲೆ ಕಾಣುತ್ತದೆ. ವರ್ಷಗಟ್ಟಲೆ ಇದೇ ನೀರು ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಎತ್ತಿನಹೊಳೆಗೆ 2014ರಲ್ಲಿ ಅಡಿಗಲ್ಲು ಹಾಕಿದರು. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಕಡೆ. ಇನ್ನು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲಕ್ಕೆಂದು ತಂದದ್ದು, ನೇರ ಕುಡಿಯಲು ಅಲ್ಲ. ದೊಡ್ಡ ಯೋಜನೆಗಳು ಬರಲಿ. ಆದರೆ ಮಗುವಿನ ಹಲ್ಲು ಅಲ್ಲಿಯವರೆಗೆ ಕಾಯಲ್ಲ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ಊರಿನ ಓವರ್‌ಹೆಡ್ ಟ್ಯಾಂಕಿಗೆ ಎಷ್ಟು ಬೋರ್‌ವೆಲ್‌ಗಳಿಂದ ನೀರು ಬರುತ್ತದೆ ಎಂದು ವಾಟರ್‌ಮ್ಯಾನ್‌ನ ಕೇಳಿ. ಕರೆಂಟು, ನೀರು ನೋಡಿಕೊಂಡು ಒಂದು ದಿನ ಇದನ್ನು, ಇನ್ನೊಂದು ದಿನ ಅದನ್ನು ಓಡಿಸುತ್ತಾರೆ. ಒಂದರಲ್ಲಿ ಫ್ಲೋರೈಡ್ ಕಡಿಮೆ, ಪಕ್ಕದ್ದರಲ್ಲಿ ವಿಪರೀತ ಇರಬಹುದು. ಹಾಗಾಗಿ ಪ್ರತಿ ಬೋರ್‌ವೆಲ್‌ನ ನೀರೂ ಬೇರೆ ಬೇರೆ ಪರೀಕ್ಷೆ ಆಗಬೇಕು. ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ, ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಬೋರ್‌ವೆಲ್ ಯಾವುದು, ತಾರೀಕು ಯಾವುದು ಎಂದು ಚೀಟಿ ಅಂಟಿಸಿ. ಚಿಕ್ಕಬಳ್ಳಾಪುರದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಇದೆ, ಅಲ್ಲಿಗೆ ಕೊಡಿ.

ಇದು ನೀವು ಯಾರ ಹತ್ತಿರವೂ ಬೇಡಿಕೊಳ್ಳುವ ಸಹಾಯ ಅಲ್ಲ. ಜಲ ಜೀವನ್ ಮಿಷನ್ ನಿಯಮದಲ್ಲೇ ಪ್ರತಿ ಮೂಲದ ನೀರಿಗೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕು ಎಂದಿದೆ. ಹಳ್ಳಿಯ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಯನ್ನೂ ಕೊಡಬೇಕು. ನಿಮ್ಮೂರಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ, ಹಿಂದಿನ ವರದಿ ಏನು ಹೇಳುತ್ತದೆ? ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಬರೆದು ಕೇಳಿ. ಘಟಕದ ರಿಪೇರಿಯನ್ನೂ ಅದರಲ್ಲೇ ಸೇರಿಸಿ. ನಕಲಿಗೆ ಸೀಲ್ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ನಾಲ್ಕು ಮನೆಯವರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು.

ಘಟಕ ಮತ್ತೆ ಶುರುವಾದ ಮೇಲೆ ಟಿಡಿಎಸ್ ಮೀಟರ್ ಕೆಲಸಕ್ಕೆ ಬರುತ್ತದೆ. ಒಳಗೆ ಹೋಗುವ ನೀರು 420, ಹೊರಗೆ ಬರುವುದು 50-60 ಇದ್ದದ್ದು ದಿಢೀರನೆ 200 ಆದರೆ ಒಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಹಾಳಾಗಿರಬಹುದು. ಆಗ ಫ್ಲೋರೈಡೂ ದಾಟಿ ಬರುತ್ತದೆ.

ಅಲ್ಲಿಯವರೆಗೆ ಮಳೆನೀರು ಬಿಡಬೇಡಿ. ಅದರಲ್ಲಿ ಬಂಡೆಯ ಫ್ಲೋರೈಡ್ ಇರಲ್ಲ. 50 ಚದರ ಮೀಟರಿನ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರ್. ದಿನಕ್ಕೆ 25 ಲೀಟರಿನಂತೆ ಕುಡಿಯಲು, ಅಡುಗೆಗೆ 20 ದಿನ ಬರುತ್ತದೆ. ತಾರಸಿ ಗುಡಿಸಿ, ಮೊದಲ ಮಳೆ ಹರಿಯಲು ಬಿಟ್ಟು, ಆಮೇಲೆ ಮುಚ್ಚಳ ಇರುವ ಡ್ರಮ್ಮಿಗೆ ಬಟ್ಟೆ ಕಟ್ಟಿ ಹಿಡಿಯಿರಿ. ಈ ಮಳೆನೀರನ್ನು ತಪ್ಪದೆ ಕಾಯಿಸಿ ಕುಡಿಯಿರಿ.

ಪ್ರಯೋಗಾಲಯದ ವರದಿ ಕೈಗೆ ಬಂದ ಕೂಡಲೇ ಅದರ ನಕಲು ನಮಗೂ ಕಳಿಸಿ. ಅಂಕಿ ಅಂಕಿಯ ಅರ್ಥವನ್ನು ಇದೇ ಪುಟದಲ್ಲಿ ಬರೆಯುತ್ತೇವೆ.