ಪರ್ಮಿಟ್ ಕೈಯಲ್ಲಿದೆ, ಇನ್ನು ಬೆಟ್ಟ ಹತ್ತಬಹುದಾ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಕ್ಯಾಲ್ಗರಿಯಲ್ಲಿದ್ದೇವೆ. ಎರಡು ಚಳಿಗಾಲ ರೆಸಾರ್ಟ್‌ಗಳಲ್ಲಿ ಸ್ಕೀಯಿಂಗ್ ಕಲಿತಿದ್ದೇವೆ. ಈ ಸಲ ಕೆನಡಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ರೋಜರ್ಸ್ ಪಾಸ್ ಎಂಬ ಬೆಟ್ಟಗಳ ನಡುವಿನ ಕಣಿವೆಗೆ ಹೋಗುವ ಆಸೆ. ಆನ್‌ಲೈನ್ ಪರೀಕ್ಷೆ ಪಾಸು ಮಾಡಿ ಚಳಿಗಾಲದ ಪರ್ಮಿಟ್ ತೆಗೆದುಕೊಂಡಿದ್ದೇವೆ. ನಾವು ಹೋಗುವ ಜಾಗ ಅವತ್ತು 'ಓಪನ್' ಅಂತ ಇದ್ದರೆ ಅಲ್ಲಿ ಹಿಮ ಕುಸಿಯುವ ಭಯ ಇಲ್ಲ ಎಂದೇ ಅರ್ಥ ಅಲ್ವಾ?

ಉತ್ತರ: ಅಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೋಜರ್ಸ್ ಪಾಸ್ ಮೂಲಕ ರೈಲು ಮಾರ್ಗ ಬಂದಿದ್ದು 1885ರಲ್ಲಿ. ಅಂದಿನಿಂದ ಅಲ್ಲಿ ಹಿಮದ ಜೊತೆ ಹೋರಾಟ ನಡೆದೇ ಇದೆ. 1910ರ ಮಾರ್ಚ್ 4ರ ರಾತ್ರಿ, ಹಳಿ ಮೇಲೆ ಬಿದ್ದಿದ್ದ ಹಿಮವನ್ನು ತೆಗೆಯುತ್ತಿದ್ದ ಕೆಲಸಗಾರರ ಮೇಲೆ ಎದುರು ಬೆಟ್ಟದಿಂದ ಇನ್ನೊಂದು ರಾಶಿ ಬಂದು ಬಿತ್ತು. 58 ಜನ ಸತ್ತರು. ಆಮೇಲೆ ರೈಲ್ವೆಯವರು ಸುರಂಗ ಕೊರೆದರು. 1962ರಲ್ಲಿ ಅದೇ ಕಣಿವೆಯಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿ ಶುರುವಾಯಿತು. ಉದ್ಯಾನದೊಳಗೆ ಹಿಮ ಜಾರಿ ಬರುವ 130ಕ್ಕೂ ಹೆಚ್ಚು ದಾರಿಗಳಿವೆ.

ಹೆದ್ದಾರಿ ಮೇಲೆ ಹಿಮ ಬೀಳುವ ಮೊದಲೇ ಅದನ್ನು ಬೇಕೆಂದೇ ಬೀಳಿಸುತ್ತಾರೆ. ಕೆನಡಾದ ಸೈನಿಕರು 105 ಮಿಲಿಮೀಟರ್ ಫಿರಂಗಿಗಳಿಂದ ಬೆಟ್ಟದ ಮೇಲ್ಭಾಗಕ್ಕೆ ಗುಂಡು ಹಾರಿಸುತ್ತಾರೆ. ನಿಜವಾದ ಫಿರಂಗಿ, ನಿಜವಾದ ಗುಂಡು. ಆ ಹೊತ್ತಿನಲ್ಲಿ ಕೆಳಗೆ ಯಾರೂ ಇರಬಾರದು. ಪರ್ಮಿಟ್ ವ್ಯವಸ್ಥೆ ಹುಟ್ಟಿದ್ದೇ ಇದಕ್ಕಾಗಿ. ಚಳಿಗಾಲದಲ್ಲಿ ಉದ್ಯಾನವನ್ನು ಮೂರು ಬಗೆಯಾಗಿ ನೋಡುತ್ತಾರೆ. ಕೆಲವು ಜಾಗಗಳಿಗೆ ಇಡೀ ಚಳಿಗಾಲ ಪ್ರವೇಶವಿಲ್ಲ. ಕೆಲವಕ್ಕೆ ಈ ಪರ್ಮಿಟ್ ಬೇಡ. ಮಧ್ಯದವು ನಿರ್ಬಂಧಿತ ಜಾಗಗಳು. ಅವು ಇವತ್ತು ತೆರೆದಿವೆಯಾ ಮುಚ್ಚಿವೆಯಾ ಎಂದು ಪ್ರತಿದಿನ ಬೆಳಿಗ್ಗೆ ಪ್ರಕಟಿಸುತ್ತಾರೆ. ನಿನ್ನೆ ತೆರೆದಿದ್ದ ಜಾಗ ಇವತ್ತು ಮುಚ್ಚಿರಬಹುದು.

ಹಾಗಾಗಿ 'ಓಪನ್' ಅಂದರೆ ಅವತ್ತು ಅಲ್ಲಿ ಫಿರಂಗಿ ಹಾರಿಸುವುದಿಲ್ಲ ಎಂದಷ್ಟೇ ಅರ್ಥ. ಹಿಮದ ಪದರಗಳು ಗಟ್ಟಿಯಾಗಿವೆ ಎಂದು ಯಾರೂ ನಿಮಗೆ ಮಾತು ಕೊಟ್ಟಿಲ್ಲ. ನೀವು ಪಾಸಾದ ಪರೀಕ್ಷೆ ಕೂಡ ನಿಯಮ ಗೊತ್ತಿದೆಯೇ ಎಂದು ನೋಡುತ್ತದೆ. ಹಿಮ ಓದಲು ಬರುತ್ತದೆಯೇ ಎಂದು ನೋಡುವುದಿಲ್ಲ. ಪರ್ಮಿಟ್ ಜೊತೆಗೆ ಉದ್ಯಾನದ ಪ್ರವೇಶ ಪಾಸ್ ಬೇರೆಯಾಗಿ ಬೇಕು. ಗಾಡಿಯನ್ನು ಗುರುತು ಮಾಡಿದ ಜಾಗದಲ್ಲೇ ನಿಲ್ಲಿಸಿ, ಪರ್ಮಿಟ್ ಹೊರಗಿನಿಂದ ಕಾಣುವಂತೆ ಇಡಿ. ಮುಚ್ಚಿದ ಜಾಗಕ್ಕೆ ದಯವಿಟ್ಟು ಕಾಲಿಡಬೇಡಿ. ದಂಡದ ವಿಷಯ ಆಮೇಲೆ. ಬೆಟ್ಟದಲ್ಲಿ ಒಬ್ಬರು ಇದ್ದಾರೆಂದರೆ ಗುಂಡು ಹಾರಿಸುವುದನ್ನು ನಿಲ್ಲಿಸಬೇಕಾಗುತ್ತದೆ. ಕೆಳಗೆ ನೂರಾರು ಗಾಡಿಗಳು ಕಾಯುತ್ತಿರುತ್ತವೆ.

ಇನ್ನು ಅಪಾಯದ ಮಟ್ಟ. ಹಿಮಕುಸಿತದ ಮುನ್ಸೂಚನೆಯಲ್ಲಿ ಐದು ಮಟ್ಟಗಳಿವೆ: ಲೋ, ಮಾಡರೇಟ್, ಕನ್ಸಿಡರಬಲ್, ಹೈ, ಎಕ್ಸ್‌ಟ್ರೀಮ್. ಐದರಲ್ಲಿ ಮೂರು ಅಂದರೆ ನಡುಮಧ್ಯೆ, ಪರವಾಗಿಲ್ಲ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಮಟ್ಟ ಒಂದೊಂದೇ ಮೆಟ್ಟಿಲು ಏರಿದಂತೆ ಅಪಾಯ ಅಷ್ಟಷ್ಟೇ ಏರುವುದಿಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಮೂರನೇ ಮಟ್ಟದಲ್ಲಿ ಮನುಷ್ಯ ಕಾಲಿಟ್ಟರೇ ಹಿಮ ಒಡೆದು ಜಾರುವ ಸಂಭವವಿದೆ. ನಾಲ್ಕು ಐದು ಇದ್ದಾಗ ಜನ ಹೆದರಿ ಮನೆಯಲ್ಲಿರುತ್ತಾರೆ. ಮೂರು ಇದ್ದಾಗ ಹೊರಡುತ್ತಾರೆ. ಹೆಚ್ಚು ಸಾವು ಆಗುವುದು ಮೂರರಲ್ಲೇ. ನಿಮ್ಮದು ಮೊದಲ ಸಲ, ಆದ್ದರಿಂದ ನನ್ನ ಸಲಹೆ ಇಷ್ಟೇ: ಮೂರು ಇದ್ದರೆ ಇಳಿಜಾರು ಇರುವ ಕಡೆಗೇ ಹೋಗಬೇಡಿ. ಹಿಮ ಹೆಚ್ಚಾಗಿ ಒಡೆಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಕೊಡುವುದೂ ಅದೇ ಇಳಿಜಾರು. ಕಷ್ಟ ಇರುವುದೇ ಅಲ್ಲಿ. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆ ಮೇಲೆ ಏನಿದೆ ಎಂದು ನೋಡಿ.

ಸಾಮಾನಿನ ವಿಷಯ. ಪ್ರತಿಯೊಬ್ಬರ ಹತ್ತಿರವೂ ಟ್ರಾನ್ಸೀವರ್, ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹೂತವರನ್ನು ಹುಡುಕುವ ಉದ್ದನೆಯ ಕೋಲು), ಲೋಹದ ಸಲಿಕೆ ಇರಲೇಬೇಕು. ಗುಂಪಿಗೊಂದು ಸೆಟ್ ಸಾಕಾಗುವುದಿಲ್ಲ. ಟ್ರಾನ್ಸೀವರ್ ಅಂದರೆ ಮೈಗೆ ಕಟ್ಟಿಕೊಳ್ಳುವ ಸಣ್ಣ ರೇಡಿಯೊ. ಎಲ್ಲ ಕಂಪನಿಗಳದ್ದೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ಒಬ್ಬರದು ಇನ್ನೊಬ್ಬರದನ್ನು ಹುಡುಕುತ್ತದೆ. ಮೊಬೈಲ್ ಹತ್ತಿರವಿದ್ದರೆ ಅದಕ್ಕೆ ಅಡ್ಡಿಯಾಗುತ್ತದೆ. ನಡೆಯುವಾಗ ಎರಡರ ನಡುವೆ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಹಿಮದಡಿ ಹೂತವರನ್ನು ಮೊದಲ 10 ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ಹೊತ್ತಿಗೆ ಲೆಕ್ಕ ತಲೆಕೆಳಗಾಗಿರುತ್ತದೆ. ಹೆಲಿಕಾಪ್ಟರ್ ಅಷ್ಟು ಬೇಗ ಬರುವುದಿಲ್ಲ. ನಿಮ್ಮನ್ನು ಅಗೆದು ತೆಗೆಯುವವರು ನಿಮ್ಮ ಆ ಮೂವರು ಗೆಳೆಯರೇ. ಅವರಿಗೆ ಅಗೆಯಲು ಬರುತ್ತದಾ? ತರಬೇತಿಯಲ್ಲಿ ನಾನು ಮೊದಲ ಸಲ ಅಗೆದಾಗ ನನಗೆ ಆಶ್ಚರ್ಯವಾಗಿತ್ತು. ಕುಸಿದು ನಿಂತ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಜಾಗ ಪತ್ತೆಯಾದ ಮೇಲೆ ಅಗೆಯುವುದಕ್ಕೇ ಹೆಚ್ಚು ಸಮಯ ಹಿಡಿಯಿತು.

ಹಿಮಕುಸಿತದ ಸುರಕ್ಷತೆಗಾಗಿ ಕೆಲಸ ಮಾಡುವ ಅವಲಾಂಚ್ ಕೆನಡಾ ಸಂಸ್ಥೆಯ ಪಠ್ಯಕ್ರಮದಲ್ಲಿ ಹೊಸಬರಿಗಾಗಿ ಎರಡು ದಿನದ ಎಎಸ್‌ಟಿ-1 (ಅವಲಾಂಚ್ ಸ್ಕಿಲ್ಸ್ ಟ್ರೇನಿಂಗ್) ತರಬೇತಿ ಇದೆ. ನಾಲ್ವರೂ ಒಟ್ಟಿಗೆ ಮಾಡಿ. ಮೊದಲ ಪ್ರವಾಸಕ್ಕೆ ಪ್ರಮಾಣಪತ್ರ ಇರುವ ಗೈಡ್ ಕರೆದುಕೊಂಡು ಹೋಗಿ. ಅಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ ಜೊತೆಗಿರಲಿ.

ಪ್ರಶ್ನೆ: ಬೇಸಿಗೆಯಲ್ಲಿ ಮಕ್ಕಳ ಜೊತೆ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಲೇಕ್ ಲೂಯಿಸ್‌ನಿಂದ ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್ ದಾರಿಯಲ್ಲಿ ನಡೆದಿದ್ದೆವು. ಈಗ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಕಟ್ಟುವ ಅಗಲವಾದ ತಳ) ಹಾಕಿಕೊಂಡು ಅದೇ ದಾರಿಯಲ್ಲಿ ಹೋಗಬಹುದಾ? ಗುರುತಿರುವ ದಾರಿ, ನಾವು ಬೆಟ್ಟ ಏನೂ ಹತ್ತುವುದಿಲ್ಲ.

ಉತ್ತರ: ಬೇಡ. ಆ ದಾರಿ ಹಿಮ ಜಾರುವ ಜಾಗಗಳ ಕೆಳಗೇ ಹಾದು ಹೋಗುತ್ತದೆ. ಬೇಸಿಗೆಯ ಬೋರ್ಡು ಚಳಿಗಾಲಕ್ಕೆ ಲೆಕ್ಕಕ್ಕಿಲ್ಲ. ಮೇಲಿನಿಂದ ತಾನಾಗಿ ಬಿದ್ದ ಹಿಮಕ್ಕೆ ಕೆಳಗೆ ಮಕ್ಕಳಿದ್ದಾರೆಂದು ಗೊತ್ತಾಗುತ್ತದೆಯೇ?

ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆ ಹಲವು ದಾರಿಗಳನ್ನು ಹಿಮಕುಸಿತಕ್ಕೆ ಎಷ್ಟು ಒಡ್ಡಿಕೊಂಡಿವೆ ಎಂದು ವರ್ಗ ಮಾಡಿದೆ. ಮುಖ್ಯವಾದವು ಸಿಂಪಲ್, ಚಾಲೆಂಜಿಂಗ್, ಕಾಂಪ್ಲೆಕ್ಸ್; ಇದೇ ಕ್ರಮದಲ್ಲಿ ಅಪಾಯ ಹೆಚ್ಚು. ನಡೆಯುವುದು ಸುಲಭವಾ ಕಷ್ಟವಾ ಎಂದು ಹೇಳುವ ವರ್ಗವಲ್ಲ ಇದು. ಈ ಪದ್ಧತಿಯ ಹಿಂದೆ ಒಂದು ದುಃಖವಿದೆ. 2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಹತ್ತಿರದ ಕೊನಾಟ್ ಕ್ರೀಕ್ ಕಣಿವೆಯಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಏಳು ಮಕ್ಕಳು ಹಿಮಕುಸಿತದಲ್ಲಿ ತೀರಿಕೊಂಡರು. ಆಮೇಲೆ ನಿಯಮ ಬಿಗಿಯಾಯಿತು. ಶಾಲೆ, ಕ್ಲಬ್‌ಗಳು ಮಕ್ಕಳನ್ನು ಕಾಂಪ್ಲೆಕ್ಸ್ ಜಾಗಕ್ಕೆ ಕರೆದೊಯ್ಯುವಂತಿಲ್ಲ. ಚಾಲೆಂಜಿಂಗ್ ಜಾಗಕ್ಕೆ ಪ್ರಮಾಣಪತ್ರ ಇರುವ ಗೈಡ್ ಬೇಕೇಬೇಕು. ಅಪ್ಪ ಅಮ್ಮ ತಮ್ಮದೇ ಮಕ್ಕಳನ್ನು ಕರೆದುಕೊಂಡು ಹೋದರೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ನೀವು ಅದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ. ಹೊರಡುವ ದಿನ ಉದ್ಯಾನದ ಮಾಹಿತಿ ಕೇಂದ್ರದಲ್ಲಿ ಕೇಳಿ, ಹಿಮ ಜಾರದ ದಾರಿಗಳ ಪಟ್ಟಿ ಕೊಡುತ್ತಾರೆ.

ಪ್ರಶ್ನೆ: ಜಾಸ್ಪರ್ ರಾಷ್ಟ್ರೀಯ ಉದ್ಯಾನದ ಟಾಂಕ್ವಿನ್ ಕಣಿವೆ ಚಳಿಗಾಲ ಪೂರ್ತಿ ಮುಚ್ಚಿದೆ. ನಮಗೆ ಅನುಭವವಿದೆ, ಸಾಮಾನು ಇದೆ. ಸುಮ್ನೆ ಯಾಕೆ ತಡೆಯುತ್ತಾರೆ?

ಉತ್ತರ: ಅದು ನಿಮ್ಮ ಸುರಕ್ಷತೆಗಾಗಿ ಅಲ್ಲ, ಕ್ಯಾರಿಬೂ ಎಂಬ ಜಿಂಕೆ ಜಾತಿಯ ಪ್ರಾಣಿಗಳಿಗಾಗಿ. ಕ್ಯಾರಿಬೂ ಆಳವಾದ ಹಿಮವಿರುವ ಎತ್ತರಕ್ಕೆ ಹೋಗುವುದೇ ತೋಳಗಳಿಂದ ದೂರ ಇರಲು. ಮೆತ್ತನೆಯ ಹಿಮದಲ್ಲಿ ತೋಳಕ್ಕೆ ನಡೆಯುವುದು ಕಷ್ಟ. ನಾವು ಸ್ಕೀ ಮಾಡಿಕೊಂಡು ಹೋದರೆ ಹಿಂದೆ ಗಟ್ಟಿಯಾದ ಹಾದಿ ಉಳಿಯುತ್ತದೆ. ತೋಳಗಳು ಅದೇ ಹಾದಿ ಹಿಡಿದು ಮೇಲೆ ಬರುತ್ತವೆ. ಜಾಸ್ಪರ್‌ನ ಮಲೀನ್ ಹಿಂಡು ಈಗಾಗಲೇ ಇಲ್ಲವಾಗಿದೆ. ಟಾಂಕ್ವಿನ್ ಹಿಂಡಿನಲ್ಲಿ ತಾನಾಗಿ ಚೇತರಿಸಿಕೊಳ್ಳುವಷ್ಟು ಹೆಣ್ಣುಗಳಿಲ್ಲ. ನವೆಂಬರ್ 1ರಿಂದ ಮೇ 15ರವರೆಗೆ ಅಲ್ಲಿಗೆ ಪ್ರವೇಶವಿಲ್ಲ. ನಿಮ್ಮಂಥ ಅನುಭವಿಗಳಿಗೆ ಅದೇ ಉದ್ಯಾನದಲ್ಲಿ ತೆರೆದ ಕಣಿವೆಗಳು ಬೇರೆ ಇವೆ. ಮುಚ್ಚಿದ ಗಡಿ ಎಲ್ಲಿದೆ ಎಂಬ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು ಹೊರಡಿ.